ತಮ್ಮ ಕಟ್ಟಿದ ರೆಕ್ಕೆ, ನಾನು ಸರಿಸಿದ ಗೈಡ್

1984ರ ಆಗಸ್ಟ್ ತಿಂಗಳಲ್ಲಿ ನನ್ನ ಬಲಗೈಯ ಎರಡು ಬೆರಳು ಮಿಷಿನಿಗೆ ಹೋದವು. ಅದು ಯಾರ ತಪ್ಪಿನಿಂದ ಆಯಿತು ಎಂದು ನಾನು ಅವತ್ತೇ ಹೇಳಬೇಕಿತ್ತು. ಹೇಳಲಿಕ್ಕೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಐದು ವರ್ಷ ಹೇಳಲಿಲ್ಲ. ಆ ಐದು ವರ್ಷದಲ್ಲಿ ನನ್ನ ತಮ್ಮ ಸದಾಶಿವ ತನ್ನ ಕೈಯನ್ನೇ ನಂಬದವನಾದ. ನಾನು ಕಂಡ ಮರಗೆಲಸದವರಲ್ಲಿ ಅವನಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ.

ಆಗ ನಾನು ಮೂಡುಬಿದಿರೆಯಿಂದ ಬೆಳುವಾಯಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ನಮ್ಮ ಮರಗೆಲಸದ ಶೆಡ್ಡಿನ ಮೇಸ್ತ್ರಿ. ನನಗೆ ಮೂವತ್ತಾರು ವರ್ಷ, ನಾವು ಸದಾ ಎಂದು ಕರೆಯುತ್ತಿದ್ದ ತಮ್ಮನಿಗೆ ಇಪ್ಪತ್ತೇಳು. ನನ್ನ ಓದು ಐದನೇ ಕ್ಲಾಸಿಗೆ ಮುಗಿದಿತ್ತು. ಅಪ್ಪ ತೀರಿಕೊಂಡಾಗ ಸದಾನಿಗೆ ಹನ್ನೆರಡು. ಉಳಿ ಮಸೆಯುವುದನ್ನು ಅವನಿಗೆ ಕಲಿಸಿದವನು ನಾನು. ಆದ್ದರಿಂದ ಅವನು ನನ್ನನ್ನು ಅರ್ಧ ಅಣ್ಣ, ಅರ್ಧ ಅಪ್ಪ ಎಂದು ತಿಳಿದುಕೊಂಡಿದ್ದ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ಗರಗಸದ ಮೇಜು ಇತ್ತು. 1974ರಲ್ಲಿ ಬಂಟ್ವಾಳದ ಒಂದು ಮರದ ಮಿಲ್ಲಿನವರು ಹೊಸತು ತಂದಾಗ ಹಳೆಯದನ್ನು ನಾವು ತಂದದ್ದು. ಕಬ್ಬಿಣದ ಮೇಜು, ಅಡಿಯಲ್ಲಿ ಮೋಟರು, ಮೇಜಿನ ನಡುವಿನ ಸೀಳಿನಿಂದ ಮೇಲೆ ಬರುವ ಹನ್ನೆರಡು ಇಂಚಿನ ದುಂಡು ಗರಗಸ. ಗರಗಸದ ಬಲಬದಿಗೆ ಒಂದು ನೇರ ಅಡ್ಡಪಟ್ಟಿ ಇರುತ್ತದೆ. ಅದಕ್ಕೆ ನಾವು ಗೈಡ್ ಎನ್ನುತ್ತೇವೆ. ಹಲಗೆಯನ್ನು ಗೈಡಿಗೆ ಒರಗಿಸಿ, ಗೈಡ್ ಮತ್ತು ಗರಗಸದ ನಡುವಿನಿಂದ ಮುಂದಕ್ಕೆ ತಳ್ಳಬೇಕು. ಗೈಡನ್ನು ಒಂದು ಇಂಚಿಗೆ ಇಟ್ಟರೆ ನೂರು ಪಟ್ಟಿ ಸೀಳಿದರೂ ನೂರೂ ಒಂದು ಇಂಚು. ಈ ನಡುವಿನಿಂದ ತಳ್ಳುವ ಅಭ್ಯಾಸವನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನನ್ನ ಕಥೆ ಇರುವುದು ಅದರಲ್ಲಿಯೇ.

ಹತ್ತು ವರ್ಷ ನಾನು ಆ ಗರಗಸ ನಡೆಸಿದೆ. ಮೈಗೆ ಒಂದು ಗೀರು ಬಿದ್ದಿರಲಿಲ್ಲ. ನಮ್ಮ ಕಡೆ ಮಿಷಿನಿನಲ್ಲಿ ಕೆಲಸ ಮಾಡುವವರಲ್ಲಿ ಹತ್ತೂ ಬೆರಳು ಇರುವವರು ಕಮ್ಮಿ. ಬೆರಳು ಕಳೆದುಕೊಂಡ ಯಾರಾದರೂ ಶೆಡ್ಡಿಗೆ ಬಂದರೆ ನಾನು ನನ್ನ ಎರಡೂ ಕೈ ಅಗಲಿಸಿ ತೋರಿಸಿ ತಮಾಷೆ ಮಾಡುತ್ತಿದ್ದೆ. “ಲೆಕ್ಕ ಮಾಡು ಮಾರಾಯ, ಸರಿ ಉಂಟಾ?” ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಸದಾಶಿವ ನಗುತ್ತಿರಲಿಲ್ಲ.

1983ರಲ್ಲಿ ಮಿಜಾರಿನ ಒಬ್ಬ ಗಿರಾಕಿ, ಬಹರೈನಿನಲ್ಲಿ ಇದ್ದವರು, ತಮ್ಮ ಮನೆಯ ಕೆಲಸಕ್ಕೆಂದು ಒಂದು ಕರೆಂಟಿನ ರೂಟರ್ ತಂದರು. ಕೆಲಸ ಮುಗಿದ ಮೇಲೆ ಅದನ್ನು ನಮ್ಮಲ್ಲಿಯೇ ಬಿಟ್ಟರು. ರೂಟರ್ ಎಂದರೆ ಎರಡು ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ಮೋಟರು. ಅದರ ಅಡಿಯಲ್ಲಿ ಬಿಟ್ ಎಂಬ ಚೂಪು ಉಕ್ಕಿನ ತುಂಡು ಬಹಳ ವೇಗದಲ್ಲಿ ತಿರುಗುತ್ತದೆ. ಮರದ ಮೇಲೆ ನಡೆಸಿದರೆ ಗಾಡಿ ಎನ್ನುವ ಉದ್ದ ಕಾಲುವೆ ತೆಗೆಯುತ್ತದೆ, ಚೂಪು ಅಂಚನ್ನು ದುಂಡಗೆ ಉರುಟು ಮಾಡುತ್ತದೆ. ಮರ ಹೆರೆಯುವ ಕೀಸುಳಿಯಲ್ಲಿ ಅರ್ಧ ದಿನ ಹಿಡಿಯುವ ಕೆಲಸ ಹತ್ತು ನಿಮಿಷಕ್ಕೆ ಆಗುತ್ತದೆ. ಆದರೆ ಸಪೂರ ಮರದ ಮೇಲೆ ಆ ಭಾರದ ಮಿಷಿನು ಕೂರುವುದಿಲ್ಲ, ಆಚೆ ಈಚೆ ವಾಲುತ್ತದೆ.

ಸದಾ ಒಂದು ವಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ, ಮಿಷಿನನ್ನು ಮರದ ಮೇಲೆ ನಡೆಸುವುದರ ಬದಲು ಮಿಷಿನನ್ನು ತಲೆಕೆಳಗೆ ಕಟ್ಟಿ ಮರವನ್ನೇ ಅದರ ಮೇಲೆ ನಡೆಸುವ ಎಂದ. ಅದಕ್ಕೆ ಬೇರೆ ಮೇಜು ಇಡಲು ಶೆಡ್ಡಿನಲ್ಲಿ ಜಾಗ ಇರಲಿಲ್ಲ. ಗರಗಸದ ಮೇಜಿನ ಬಲಬದಿಗೇ ಜೋಡಿಸುವ, ಗರಗಸದ ಗೈಡೇ ಎರಡಕ್ಕೂ ಆಗುತ್ತದೆ ಎಂದ. ಅಂಥದ್ದನ್ನು ಅವನು ಎಲ್ಲಿಯೂ ನೋಡಿರಲಿಲ್ಲ. ನಮ್ಮ ಕಡೆ ಯಾರೂ ಮಾಡಿರಲಿಲ್ಲ. ಅದಕ್ಕೆ ಅವನು ರೆಕ್ಕೆ ಎಂದು ಹೆಸರಿಟ್ಟ.

1984ರ ಜನವರಿಯಲ್ಲಿ ಶುರು ಮಾಡಿ ಮೂರು ವಾರ ಹಿಡಿಯಿತು. ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಹಲಗೆ ಅಂಟಿಸಿ ಒಂದೂವರೆ ಇಂಚು ದಪ್ಪ ಮಾಡಿದ. ಸುತ್ತ ಬೀಟೆಯ ಪಟ್ಟಿ ಹೊಡೆದ, ಮೇಲೆ ಸನ್‌ಮೈಕಾ ಅಂಟಿಸಿದ. ನಡುವಿನಲ್ಲಿ ರೂಟರ್ ಕೂರಲು ಬಂಟ್ವಾಳದ ಲೇತಿನ ಅಂಗಡಿಯಿಂದ ಕಾಲು ಇಂಚಿನ ಅಲ್ಯೂಮಿನಿಯಂ ಪ್ಲೇಟು ಮಾಡಿಸಿ ತಂದ. ಅದು ಕೂರುವ ಗುಂಡಿಯನ್ನು ಉಳಿಯಲ್ಲೇ ತೆಗೆದ. ಪ್ಲೇಟು ಕೂರಿಸಿದ ಮೇಲೆ ಕಣ್ಣು ಮುಚ್ಚಿ ಬೆರಳು ಎಳೆದರೆ ಎಲ್ಲಿ ಸನ್‌ಮೈಕಾ ಮುಗಿಯಿತು, ಎಲ್ಲಿ ಪ್ಲೇಟು ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಕಬ್ಬಿಣದ ಮೇಜಿನ ಅಂಚಿಗೆ ತೂತು ಕೊರೆದು ನಾಲ್ಕು ಬೋಲ್ಟಿನಲ್ಲಿ ರೆಕ್ಕೆಯನ್ನು ಬಿಗಿದ. ಹೊರಗಿನ ತುದಿಗೆ ಎರಡು ಕಾಲು. ಎರಡೂ ಮೇಜು ಒಂದೇ ಮಟ್ಟಕ್ಕೆ ಬರಬೇಕು, ಕೂದಲೆಳೆ ಹೆಚ್ಚುಕಮ್ಮಿ ಆದರೂ ಮರ ತಡೆಯುತ್ತದೆ. ಖಾಲಿ ಪೌಡರ್ ಡಬ್ಬಿಯ ತಗಡನ್ನು ಕತ್ತರಿಸಿ ಬೋಲ್ಟಿನ ಸಂದಿಗೆ ಒಂದೊಂದಾಗಿ ಇಟ್ಟು ಎರಡು ದಿನ ಮಟ್ಟ ಮಾಡಿದ. “ಮುಖಕ್ಕೆ ಹಾಕುವ ಪೌಡರನ್ನು ಮೇಜಿಗೆ ಹಾಕಿದಿಯಲ್ಲ ಮಾರಾಯ, ಮದುವೆ ಇದಕ್ಕಾ ನಿನಗಾ?” ಎಂದು ನಾನು ತಮಾಷೆ ಮಾಡಿದೆ. ಗರಗಸವನ್ನು ಅಣ್ಣ ಹತ್ತು ವರ್ಷದಿಂದ ಕಟ್ಟಿಕೊಂಡಿದ್ದಾನೆ, ಇದು ನಾದಿನಿ, ಸ್ವಲ್ಪ ಮರ್ಯಾದೆಯಲ್ಲಿ ಮಾತಾಡಬೇಕು ಎಂದು ಅವನು ತಿರುಗಿ ಹೇಳಿದ.

ರೆಕ್ಕೆ ಸಿದ್ಧವಾದ ದಿನ ಅವನು ನನ್ನನ್ನು ನಿಲ್ಲಿಸಿ ಎರಡು ವಿಷಯ ಹೇಳಿದ. ಬಲದಿಂದ ಎಡಕ್ಕೆ ಮಾತ್ರ ತಳ್ಳಬೇಕು. ಅದಕ್ಕೆ ಕೆಂಪು ಪೈಂಟಿನಲ್ಲಿ ಬಾಣದ ಗುರುತು ಹಾಕಿದ್ದ. ಎರಡನೆಯದು, ಗೈಡನ್ನು ಬಿಟ್ಟಿನ ಹಿಂದೆಯೇ ಇಡಬೇಕು, ಬಿಟ್ ಗೈಡಿನಲ್ಲಿ ಕೊರೆದ ಸಂದಿಯಿಂದ ಸ್ವಲ್ಪವೇ ಇಣುಕಬೇಕು, ಮರ ಅದರ ಹೊರಗಿನಿಂದ ಹೋಗಬೇಕು. “ಗರಗಸದ ಹಾಗೆ ನಡುವಿನಿಂದ ತಳ್ಳಬೇಡ ಅಣ್ಣ. ಗರಗಸ ಮರವನ್ನು ನಿನ್ನ ಕಡೆಗೆ ನೂಕುತ್ತದೆ, ನೀನು ತಡೆಯುತ್ತಿ. ಇದು, ಮರ ನಡುವಿಗೆ ಸಿಕ್ಕಿದರೆ, ಎಳೆದುಕೊಂಡು ಹೋಗುತ್ತದೆ.”

ನಾನು ಆಯಿತು ಎಂದೆ. ಒಳಗೆ ಸ್ವಲ್ಪ ಉರಿಯಿತು. ಮಿಷಿನಿನ ವಿಷಯವನ್ನು ನನಗೆ ಹೇಳಿಕೊಡುವವನು ಇವನಾ ಎಂದು.

ಆರು ತಿಂಗಳಲ್ಲಿ ರೆಕ್ಕೆಯ ಸುದ್ದಿ ಬೆಳ್ತಂಗಡಿಯವರೆಗೆ ಹೋಯಿತು. ಬಂದವರು ಮೊದಲು ಅದನ್ನು ನೋಡುತ್ತಿದ್ದರು. ಆಮೇಲೆ ಸದಾ ಇದ್ದಾನಾ ಎಂದು ಕೇಳುತ್ತಿದ್ದರು. ನಾನು ಎದುರಿಗೆ ನಿಂತಿದ್ದರೂ ಕೇಳುತ್ತಿದ್ದರು.

ಜುಲೈಯಲ್ಲಿ ಬೆಳ್ತಂಗಡಿಯ ಒಂದು ಹೊಸ ಛತ್ರದ ಕೆಲಸ ಬಂತು. ಹದಿನೆಂಟು ಬಾಗಿಲು, ನಲವತ್ತೆರಡು ಕಿಟಕಿ. ಕಿಟಕಿಗೆ ಗಾಜು ಕೂರಿಸಲು ಬೀಡಿಂಗ್ ಬೇಕು. ಬೀಡಿಂಗ್ ಎಂದರೆ ಗಾಜನ್ನು ಹಿಡಿದಿಡುವ, ಒಂದು ಅಂಚು ಉರುಟಾದ ಸಪೂರ ಪಟ್ಟಿ. ಅರ್ಧ ಇಂಚು ದಪ್ಪ, ಮುಕ್ಕಾಲು ಇಂಚು ಅಗಲ. ಸದಾ ಅದಕ್ಕೊಂದು ಕ್ರಮ ಮಾಡಿದ್ದ. ಮೊದಲು ಅಗಲ ಹಲಗೆಯ ಅಂಚನ್ನು ರೆಕ್ಕೆಯಲ್ಲಿ ಉರುಟು ಮಾಡುವುದು. ನಿಂತಲ್ಲಿಂದಲೇ ಎಡಕ್ಕೆ ತಿರುಗಿ ಗರಗಸದಲ್ಲಿ ಆ ಅಂಚನ್ನು ಪಟ್ಟಿಯಾಗಿ ಸೀಳುವುದು. ಪುನಃ ಉರುಟು, ಪುನಃ ಸೀಳು. ಕೈ ಯಾವಾಗಲೂ ಅಗಲ ಹಲಗೆಯ ಮೇಲೆ, ಬಿಟ್ಟಿನಿಂದ ದೂರ. ರೆಕ್ಕೆಯನ್ನು ಗರಗಸಕ್ಕೇ ಜೋಡಿಸಿದ್ದರ ಗುಟ್ಟು ಅದು.

ಆಗಸ್ಟಿನ ಒಂದು ಗುರುವಾರ ಅವನು ಅಳತೆ ತೆಗೆಯಲು ಬೆಳ್ತಂಗಡಿಗೆ ಹೋದ. ಶೆಡ್ಡಿನಲ್ಲಿ ನಾನೊಬ್ಬನೇ. ಅವನು ಬರುವಷ್ಟರಲ್ಲಿ ಬೀಡಿಂಗ್ ಎಲ್ಲ ಮುಗಿಸಿ ರಾಶಿ ಹಾಕಿ ತೋರಿಸಬೇಕು ಎಂದು ನನಗೆ ಹಟ. ಪ್ರತಿ ಸಲ ಗೈಡ್ ಬದಲಿಸುವುದು ಯಾಕೆ ಎಂದು ಇಡೀ ಮರವನ್ನು ಗರಗಸದಲ್ಲಿ ಮೊದಲೇ ಪಟ್ಟಿ ಪಟ್ಟಿಯಾಗಿ ಸೀಳಿದೆ. ಆಮೇಲೆ ಉರುಟು ಮಾಡಲು ರೆಕ್ಕೆಗೆ ಬಂದೆ. ಮುಕ್ಕಾಲು ಇಂಚಿನ ಪಟ್ಟಿ ಕೈಯಲ್ಲಿ ನಡುಗಿತು. ಅದಲ್ಲದೆ ಕೆಲವು ಪಟ್ಟಿಗಳ ಅಗಲ ಹೆಚ್ಚುಕಮ್ಮಿ ಆಗಿತ್ತು. ಗೈಡ್ ಮತ್ತು ಬಿಟ್ಟಿನ ನಡುವಿನಿಂದ ತಳ್ಳಿದರೆ ಎಲ್ಲವೂ ಒಂದೇ ಅಗಲ ಆಗುತ್ತದೆ, ಉರುಟೂ ಆಗುತ್ತದೆ ಎಂದು ನನ್ನ ತಲೆಗೆ ಹೊಳೆಯಿತು. ಹತ್ತು ವರ್ಷ ಗರಗಸ ನಡೆಸಿದವನ ತಲೆ ಹಾಗೆಯೇ ಓಡುತ್ತದೆ. ಗೈಡನ್ನು ಹಿಂದಕ್ಕೆ ಸರಿಸಿ, ಬಿಟ್ಟಿನಿಂದ ಮುಕ್ಕಾಲು ಇಂಚಿಗೆ ಬಿಗಿದೆ. ತಮ್ಮ ಬೇಡ ಎಂದದ್ದು ನೆನಪಿತ್ತು. ಮರೆತಿದ್ದೆ ಎಂದು ನಾನು ಹೇಳುವುದಿಲ್ಲ.

ಮೊದಲ ಪಟ್ಟಿಯನ್ನು ಕೆಂಪು ಬಾಣದ ಪ್ರಕಾರವೇ ತಳ್ಳಿದೆ. ಅರ್ಧ ಅಡಿ ಹೋಯಿತು. ಆಮೇಲೆ ಪಟ್ಟಿ ನನ್ನ ಕೈಯಲ್ಲಿ ಇರಲಿಲ್ಲ. ಎದುರಿನ ಗೋಡೆಗೆ ಬಡಿದ ಶಬ್ದ ಕೇಳಿತು. ಹಿಂದಿನಿಂದ ಒತ್ತುತ್ತಿದ್ದ ಬಲಗೈ ತಡೆಯಿಲ್ಲದೆ ಮುಂದಕ್ಕೆ ಹೋಗಿ ಬಿಟ್ಟಿಗೆ ತಾಗಿತು. ತೋರುಬೆರಳು, ನಡುಬೆರಳು, ಎರಡೂ ನಡುಗಂಟಿನವರೆಗೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನೋವು ಇನ್ನೂ ಬಂದಿರಲಿಲ್ಲ. ಹೆಗಲ ಮೇಲಿದ್ದ ಬೈರಾಸನ್ನು ಕೈಗೆ ಸುತ್ತಿದೆ. ಸ್ವಿಚ್ಚು ಆರಿಸಿದೆ. ಆಮೇಲೆ ಎಡಗೈಯಲ್ಲಿ ಗೈಡಿನ ಎರಡೂ ನಟ್ಟುಗಳನ್ನು ಸಡಿಲಿಸಿ, ಗೈಡನ್ನು ಸದಾ ಹೇಳಿದ್ದ ಜಾಗಕ್ಕೆ ಸರಿಸಿ, ಪುನಃ ಬಿಗಿದೆ. ಅದಾದ ಮೇಲೆ ಪಕ್ಕದ ಸೈಕಲ್ ಅಂಗಡಿಯ ಅಬ್ಬುವನ್ನು ಕರೆದೆ.

ಅಬ್ಬು ಜೀಪು ಮಾಡಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ. ಮರುದಿನ ಸದಾ ಹಾಸಿಗೆಯ ಬಳಿ ಬಂದು ನಿಂತ. ಏನಾಯಿತು ಎಂದು ಕೇಳಿದ. “ನಿನ್ನ ರೆಕ್ಕೆ ಅಲುಗಿತು,” ಎಂದೆ. ಅಷ್ಟೇ ಹೇಳಿದ್ದು. ಕೈ ಅಗಲಿಸಿ ತಮಾಷೆ ಮಾಡುತ್ತಿದ್ದವನಿಗೆ ಬೇರೆ ಮಾತು ಬಾಯಿಗೆ ಬರಲಿಲ್ಲ.

ಅವನು ಶೆಡ್ಡಿಗೆ ಹೋಗಿ ನಾಲ್ಕು ಬೋಲ್ಟನ್ನೂ ನೋಡಿದ. ನಾಲ್ಕೂ ಬಿಗಿ ಇದ್ದವು. ಕಾಲು ನೋಡಿದ, ಮಟ್ಟ ನೋಡಿದ. ಮೇಜಿನ ಮೇಲೆ ಹತ್ತಿ ನಿಂತು ಕುಲುಕಿ ನೋಡಿದ ಎಂದು ಅಬ್ಬು ನನಗೆ ಹೇಳಿದ. ಎಲ್ಲವೂ ಸರಿ ಇತ್ತು. ಆ ಪಟ್ಟಿ ಎಲ್ಲಿ ಎಂದು ಅವನು ಬಂದು ಕೇಳಿದ. ಅದು ಸಿಕ್ಕಿದ್ದರೆ ಅದರ ಅಂಚು ನೋಡಿಯೇ ಎಲ್ಲವನ್ನೂ ಹೇಳಿಬಿಡುತ್ತಿದ್ದ. ನನಗೆ ಗೊತ್ತಿಲ್ಲ ಎಂದೆ. ಅದು ಚೂರುಪಾರಿನ ಜೊತೆಗೆ ಒಲೆಗೆ ಹೋಗುವುದನ್ನು ನಾನು ಮನೆಗೆ ಬಂದ ಮೇಲೆ ಕಣ್ಣಾರೆ ನೋಡಿದೆ. ತಡೆಯಲಿಲ್ಲ.

ಬೋಲ್ಟು ಬಿಗಿ ಇದೆ, ಅಣ್ಣ ಅಲುಗಿತು ಎನ್ನುತ್ತಾನೆ. ಎರಡರಲ್ಲಿ ಒಂದು ಸುಳ್ಳಾಗಬೇಕು. ಸದಾ ಬೋಲ್ಟನ್ನು ನಂಬಲಿಲ್ಲ, ನನ್ನನ್ನು ನಂಬಿದ. ತನಗೆ ತಿಳಿಯದ ಏನೋ ತಪ್ಪು ಅದರೊಳಗೆ ಉಂಟು ಎಂದುಕೊಂಡ. ಅಮ್ಮ ಅವನ ಎದುರಿಗೇ, “ನಿನ್ನ ಮಿಷಿನು ನನ್ನ ಮಗನ ಬೆರಳು ತಿಂದಿತು,” ಎಂದರು. ಅವನೂ ಅವರ ಮಗನೇ ಅಲ್ಲವಾ. ನಾನು ಅಲ್ಲಿಯೇ ಕೂತು ಗಂಜಿ ಉಣ್ಣುತ್ತಿದ್ದೆ. ಎಡಗೈಯಲ್ಲಿ ಉಣ್ಣಲು ನನಗೆ ಬಾರದ್ದರಿಂದ ತಮ್ಮನೇ ಉಣ್ಣಿಸುತ್ತಿದ್ದ.

ಆರು ವಾರ ಅವನು ನನ್ನ ಸ್ನಾನ, ಬಟ್ಟೆ, ಊಟ ಎಲ್ಲ ನೋಡಿಕೊಂಡ. ಗಾಯ ಮಾಗಿದ ಮೇಲೆ ನನ್ನ ಬಲಗೈಯನ್ನು ಮಣ್ಣಿನಲ್ಲಿ ಒತ್ತಿಸಿ ಅಚ್ಚು ತೆಗೆದು, ಉಳಿದ ಬೆರಳುಗಳಿಗೆ ಸರಿಯಾಗಿ ಕೂರುವ ಹಾಗೆ ನನ್ನ ಕೀಸುಳಿಗೆ ಬೀಟೆಯ ಹೊಸ ಹಿಡಿ ಮಾಡಿಕೊಟ್ಟ. ಆ ಕೀಸುಳಿಯನ್ನು ನಾನು ಇವತ್ತಿಗೂ ಹಿಡಿಯುತ್ತೇನೆ. ಹಿಡಿ ಒಂದು ದಿನವೂ ಕೈಯಲ್ಲಿ ಜಾರಿಲ್ಲ.

ಆ ವರ್ಷದ ಆಯುಧಪೂಜೆಗೆ ಅವನು ಗರಗಸಕ್ಕೆ ಹೂ ಇಟ್ಟ, ಉಳಿಗಳಿಗೆ ಇಟ್ಟ, ರೂಟರಿಗೆ ಇಡಲಿಲ್ಲ. ಮಾರನೆಯ ದಿನ ನಾಲ್ಕು ಬೋಲ್ಟು ಬಿಚ್ಚಿ ರೆಕ್ಕೆಯನ್ನು ಇಳಿಸಿ, ಕೊಡಲಿಯಲ್ಲಿ ಒಡೆದ. ನನಗೆ ಕೊಡಲಿಯ ಒಂದೊಂದು ಪೆಟ್ಟೂ ಮನೆಯೊಳಗೆ ಕೇಳುತ್ತಿತ್ತು. ಒಂದು ತಿಂಗಳ ನಂತರ ಅವನು ಬಂಟ್ವಾಳದ ಕಡೆ ಪಾಣೆಮಂಗಳೂರಿಗೆ ಹೋಗಿ ನೆಲೆಸಿದ. ಅಲ್ಲಿ ಕೈ ಉಪಕರಣದ ಕೆಲಸ ಮಾತ್ರ ಮಾಡುತ್ತಿದ್ದ. ಎಲ್ಲ ಕಡೆ ಮಿಷಿನು ಬರುತ್ತಿದ್ದ ಕಾಲ ಅದು. ಕೆಲಸಕ್ಕೆ ಕರೆದವರ ಶೆಡ್ಡಿನಲ್ಲಿ ಮೋಟರಿನ ಶಬ್ದ ಕೇಳಿದರೆ ಹಿಂದಿರುಗಿ ಬರುತ್ತಿದ್ದನಂತೆ. 1987ರಲ್ಲಿ ಅಮ್ಮ ತೀರಿಕೊಂಡರು. ಅವರಿಗೂ ನಾನು ಹೇಳಲಿಲ್ಲ.

1989ರ ಫೆಬ್ರವರಿಯಲ್ಲಿ ವಾಮದಪದವಿನಿಂದ ಕರುಣಾಕರ ಮೇಸ್ತ್ರಿ ಎಂಬವರು ನನ್ನನ್ನು ಹುಡುಕಿಕೊಂಡು ಬಂದರು. ಹೊಸ ಗರಗಸ ತಂದಿದ್ದರು, ರೂಟರ್ ಸಹ ಇತ್ತು. ಸದಾನ ರೆಕ್ಕೆಯನ್ನು ಹಿಂದೆ ನೋಡಿದ್ದರು, ಅಂಥದ್ದೇ ಬೇಕೆಂದು ಪಾಣೆಮಂಗಳೂರಿಗೆ ಹೋಗಿದ್ದರು. ಸದಾ ಸಿಮೆಂಟು ಚೀಲದ ಕಾಗದದಲ್ಲಿ ಎಲ್ಲ ಅಳತೆ ಬರೆದುಕೊಟ್ಟಿದ್ದ. ಕಟ್ಟಿಕೊಡುವುದಿಲ್ಲ ಎಂದಿದ್ದ. ಕರುಣಾಕರರು ಅವನ ಮಾತನ್ನು ಹಾಗೆಯೇ ಹೇಳಿದರು: “ಅದರಲ್ಲಿ ಒಂದು ತಪ್ಪುಂಟು. ನನಗೆ ಸಿಗಲಿಲ್ಲ. ಅಣ್ಣನನ್ನು ಕೇಳಿ ನೋಡಿ, ಕೈ ಇಟ್ಟವನು ಅವನು.”

ನಾನು ಹಳೆಯ ಸುಳ್ಳನ್ನೇ ಹೇಳಿದೆ, ಅಲುಗಿತು ಎಂದು. ಹಾಗಾದರೆ ಎರಡು ಕಾಲಿನ ಬದಲು ನಾಲ್ಕು ಕಾಲು ಕೊಡುವ, ನೆಲಕ್ಕೆ ಸಿಮೆಂಟು ಹಾಕುವ, ಆಮೇಲೆ ಹೆದರಿಕೆ ಇಲ್ಲ ಎಂದು ಅವರು ಖುಷಿಯಲ್ಲಿ ಎದ್ದರು. ನಮ್ಮ ಗರಗಸದ ಮೇಜಿನ ಬದಿಗೆ ನಿಂತು, ಖಾಲಿ ಗಾಳಿಯಲ್ಲಿ ರೆಕ್ಕೆ ಇದ್ದ ಜಾಗವನ್ನು ಕೈಯಲ್ಲಿ ತೋರಿಸಿದರು. ಇಲ್ಲಿ ಬಿಟ್, ಇಲ್ಲಿ ಗೈಡು, ಪಟ್ಟಿಯನ್ನು ಹೀಗೆ ನಡುವಿನಿಂದ ತಳ್ಳಿದರೆ ಎಲ್ಲ ಒಂದೇ ಅಗಲ ಬರುತ್ತದೆ ಅಲ್ಲವಾ ಎಂದರು. ಅವರೂ ಗರಗಸದವರೇ. ಅವರ ಬಲಗೈಯಲ್ಲಿ ಐದೂ ಬೆರಳು ಇದ್ದವು.

“ನಡುವಿನಿಂದ ಅಲ್ಲ,” ಎಂದೆ.

“ಯಾಕೆ?”

ಅಲ್ಲಿ ನನಗೆ ಬೇರೆ ದಾರಿ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಗೈಡ್ ಸರಿಸಿದ್ದನ್ನೂ ಹೇಳಿದೆ. ಅವರು ನನ್ನ ಕೈಯನ್ನು ನೋಡಿದರು, ನನ್ನ ಮುಖ ನೋಡಲಿಲ್ಲ. ಚಾ ತಂದದ್ದು ಹಾಗೆಯೇ ಉಳಿಯಿತು. ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, “ನಾನು ಅವನಿಗೆ ಹೇಳುವುದಿಲ್ಲ ಮೇಸ್ತ್ರಿಯವರೇ. ನೀವು ಹೇಳದಿದ್ದರೆ ನಾಳೆ ನನ್ನ ರೆಕ್ಕೆಯನ್ನು ನೋಡಿದಾಗಲೂ ಅವನು ತಪ್ಪು ಹುಡುಕುತ್ತಾನೆ,” ಎಂದು ಹೇಳಿ ಹೋದರು.

ಮೂವತ್ತು ವರ್ಷ ಮರದ ಕೆಲಸ ಮಾಡಿದ್ದೇನೆ. ಅದು ನನಗೆ ಕಲಿಸಿದ ಪಾಠ ಒಂದೇ, ಶೆಡ್ಡಿಗೆ ಬರುವವರಿಗೆಲ್ಲ ಅದನ್ನೇ ಹೇಳುತ್ತೇನೆ. ಅಪಘಾತ ಆದ ಮೇಲೆ ಮಿಷಿನಿನ ಯಾವ ಭಾಗವನ್ನೂ ಸರಿಸಬೇಡಿ. ಗೈಡ್ ಎಲ್ಲಿತ್ತೋ ಅಲ್ಲಿಯೇ ಇರಲಿ. ಕಟ್ಟಿದವನು ಬಂದು ನೋಡಲಿ. ನಾನು ಆ ಗೈಡನ್ನು ಹಾಗೆಯೇ ಬಿಟ್ಟಿದ್ದರೆ ನನ್ನದು ಎರಡು ಬೆರಳಿನ ನಷ್ಟದಲ್ಲಿ ಮುಗಿಯುತ್ತಿತ್ತು.

ಕರುಣಾಕರರು ಬಂದುಹೋದ ಮೇಲಿನ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಪಾಣೆಮಂಗಳೂರಿಗೆ ಹೋದೆ. ಸದಾ ಮನೆಯ ಬದಿಯ ಚಪ್ಪರದಲ್ಲಿ ಹಲಸಿನ ಹಲಗೆಗೆ ಕೀಸುಳಿ ಹಾಕುತ್ತಿದ್ದ. ನನ್ನನ್ನು ಕಂಡು, ಹೊಸ ಹಿಡಿ ಬೇಕಾಯಿತಾ ಎಂದು ಕೇಳಿದ. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತದೆ ಎಂದು ನಿಂತೇ ಹೇಳಿದೆ. ಅವನು ಕೀಸುಳಿಯನ್ನು ಮಗ್ಗುಲಾಗಿ ಇಟ್ಟು ಪೂರ್ತಿ ಕೇಳಿದ. ಮೊದಲು ಕೇಳಿದ್ದು ಕೆಲಸದ ಪ್ರಶ್ನೆ.

“ಸೀಳಿ ಇಟ್ಟಿದ್ದ ಅಷ್ಟೂ ಪಟ್ಟಿಯನ್ನು ನಡುವಿನಿಂದ ತಳ್ಳುವ ಲೆಕ್ಕವಾ?”

“ಎಲ್ಲವನ್ನೂ.”

“ನಾನು ಬಂದಾಗ ಗೈಡ್ ಸರಿಯಾದ ಜಾಗದಲ್ಲಿ ಇತ್ತಲ್ಲ.”

“ಎಡಗೈಯಲ್ಲಿ ನಾನೇ ಸರಿಸಿದೆ. ಅಬ್ಬುವನ್ನು ಕರೆಯುವ ಮೊದಲು.”

ಅವನು ಹಲಗೆಯ ಮೇಲಿದ್ದ ಸಿಪ್ಪೆಯನ್ನು ಅಂಗೈಯಲ್ಲಿ ಒರೆಸಿದ. ಪುನಃ ಒರೆಸಿದ. ಅಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

“ನಾಲ್ಕು ಬೋಲ್ಟು ಅಣ್ಣ,” ಎಂದ. “ಬಸ್ಸಿನಲ್ಲಿ ಕೂತರೂ, ಉಣ್ಣಲು ಕೂತರೂ ಆ ನಾಲ್ಕು ಬೋಲ್ಟನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದೆ. ಐದು ವರ್ಷ. ಅಮ್ಮ ಹೋಗುವಾಗಲೂ ನಾನು ಹತ್ತಿರ ಕೂರಲಿಲ್ಲ, ಗೊತ್ತುಂಟಲ್ಲ ನಿನಗೆ. ಯಾವ ಮುಖದಲ್ಲಿ ಕೂರುವುದು ಅಂತ. ನೀನು ನೋಡುತ್ತಾ ಇದ್ದಿ.”

“ನೋಡುತ್ತಾ ಇದ್ದೆ,” ಎಂದೆ.

“ನೀನು ಈಗ ಬಂದದ್ದು ನಡೆದದ್ದು ಹೇಳಲಿಕ್ಕಾ? ಹೇಳಿ ಆಯಿತಲ್ಲ. ಇನ್ನು ಯಾಕೆ ನಿಂತಿದ್ದಿ?”

ತಪ್ಪಾಯಿತು ಎಂಬ ಮಾತನ್ನು ನಮ್ಮ ಮನೆಯಲ್ಲಿ ದೈವದ ಎದುರು ಹೇಳುತ್ತೇವೆ. ದೊಡ್ಡವರು ಚಿಕ್ಕವರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅಪ್ಪ ಅಮ್ಮನಿಗೆ ಹೇಳಿದ್ದನ್ನೂ ಕೇಳಿಲ್ಲ. ಬಸ್ಸಿನಲ್ಲಿ ಬರುವಾಗ ಅದನ್ನು ಬಿಟ್ಟು ಬೇರೆ ಎಲ್ಲ ಮಾತನ್ನೂ ಸಿದ್ಧ ಮಾಡಿಕೊಂಡಿದ್ದೆ. ನನ್ನ ಬಲಗೈ ಕಿಸೆಯಲ್ಲಿತ್ತು. ಐದು ವರ್ಷದಿಂದ ಅಲ್ಲಿ ಇಟ್ಟು ಅಭ್ಯಾಸ. ಅದನ್ನು ಹೊರಗೆ ತೆಗೆದೆ.

“ತಪ್ಪಾಯಿತು ಸದಾ,” ಎಂದೆ. “ನಿನ್ನ ರೆಕ್ಕೆ ಅಲುಗಲಿಲ್ಲ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪು ನನ್ನದು, ಆವತ್ತೂ ನನ್ನದು, ಆಮೇಲೆ ಪ್ರತಿ ದಿನವೂ ನನ್ನದು. ನನ್ನನ್ನು ಕ್ಷಮಿಸು.”